ಸೂರ್ಯನನ್ನು ಮೊದಲು ನೋಡಿದವನಿಗೆ

ಬೋಡಿನಾಯಕನೂರು
ಆಗಸ್ಟ್ ೧೯೯೯

ಪ್ರೀತಿಯ ಪಾಂಡಿ ತಂಬಿಗೆ,

ನೀನು ಮೊದಲು ತಿಳಿಯಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರ್ತಿಕಾಳ ಎರಡು ಕಣ್ಣೂ ಚೆನ್ನಾಗಿವೆ. ಮದುರೈಗೆ ಕರೆದುಕೊಂಡು ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಔಷಧಿ ಹಾಕಿ, ಕತ್ತಲೆ ಕೋಣೆಯಲ್ಲಿ ಕೂರಿಸಿ, ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿ, ಏನೂ ಆಗಿಲ್ಲ ಎಂದರು. ನಿನ್ನ ಮಗಳಲ್ಲವೇ, ಔಷಧಿಯಿಂದ ಕಣ್ಣು ಮಂಜಾಗಿದ್ದರೂ ಬಸ್ಸಿನ ಕಿಟಕಿಗೆ ಮೂಗು ಒತ್ತಿ, ದಾರಿಯ ಬೋರ್ಡುಗಳನ್ನೆಲ್ಲ ಓದುತ್ತೇನೆ ಎಂದು ಹಟ ಮಾಡಿದಳು. ಅತ್ತೆಯ, ನಿನ್ನ ಅವ್ವನ, ಅಂಗೈಯ ಸುಟ್ಟ ಗಾಯವೂ ಒಣಗುತ್ತಿದೆ.

ಇಷ್ಟು ಓದಿ ಸಮಾಧಾನವಾಯಿತೆಂದು ಕಾಗದ ಮಡಚಿ ಜೇಬಿಗೆ ಹಾಕಿಕೊಳ್ಳಬೇಡ. ನಾನು ಇದನ್ನು ಬರೆಯುತ್ತಿರುವುದು ಕಾರ್ತಿಕಾಳ ಕಣ್ಣಿನ ವಿಷಯಕ್ಕಲ್ಲ. ಕೊನೆಯವರೆಗೆ ಓದು. ಓದಿ ಮುಗಿಸುವವರೆಗೆ ಜೀಪು ಹತ್ತಬೇಡ. ಮಿಕ್ಕಿದ್ದೆಲ್ಲ ಆಮೇಲೆ, ಇದೊಂದನ್ನು ಮಾತ್ರ ನಿನ್ನ ಅತ್ತಿಗೆಗಾಗಿ, ಈ ಅಣ್ಣಿಗಾಗಿ ಮಾಡು.

ಕನ್ನಡ ಅಕ್ಷರದಲ್ಲಿ ಯಾಕೆ ಬರೆದೆ ಎಂದು ನಿನಗೆ ಗೊತ್ತಾಗಿರುತ್ತದೆ. ನಮ್ಮ ಮನೆಯಲ್ಲಿ ಎಲ್ಲರೂ ಆಡುವುದು ಕನ್ನಡ, ಓದುವುದು ತಮಿಳು. ಮೈಸೂರಿನಲ್ಲಿ ಬಿ.ಎಡ್. ಮಾಡುವಾಗ ನಾನು ಈ ಅಕ್ಷರ ಕಲಿತೆ. ಸಕಲೇಶಪುರಕ್ಕೆ ಲಾರಿ ಓಡಿಸುತ್ತಿದ್ದಾಗ ದಾರಿಯ ಬೋರ್ಡು ಓದಲಾಗದೆ ಬೇರೆ ಊರಿಗೆ ಹೋಗಿಬಿಟ್ಟೆನೆಂದು ನೀನು ಬಂದು ತಿಣ್ಣೆಯ ಮೇಲೆ ಕೂತೆ. ‘ಅಣ್ಣೀ, ನಂಗೂ ಹೇಳ್ಕೊಡ್ರಿ, ನಮ್ಮ ಮಾತು ನಾನೇ ಓದಕ್ಕಾಗ್ಲಿಲ್ಲ ಅಂದ್ರೆ ಅಸಿಂಗ, ನಾಚ್ಕೆ’ ಎಂದೆ. ಈಗ ಬೋಡಿಯಿಂದ ಬೆಟ್ಟದ ಮೇಲಿನ ಬೋಡಿಮೆಟ್ಟಿನವರೆಗೆ ಈ ಕಾಗದ ಯಾರ ಕೈಗೆ ಸಿಕ್ಕಿದರೂ ಓದಬಲ್ಲವನು ನೀನೊಬ್ಬನೇ. ಇದರಲ್ಲಿರುವುದು ನಮ್ಮಿಬ್ಬರ ನಡುವೆಯೇ ಇರಲಿ ಎಂದು ಹೀಗೆ ಬರೆದೆ.

ಆ ದೂರದರ್ಶಕವನ್ನು ನನಗೆ ತಂದುಕೊಟ್ಟವನೂ ನೀನೇ. ಏಲಕ್ಕಿ ಲೋಡು ಇಳಿಸಿ ಕೊಚ್ಚಿಯಿಂದ ಬರುವಾಗ, ಹಳೆ ಸಾಮಾನಿನ ಅಂಗಡಿಯಲ್ಲಿ ಕಂಡಿತೆಂದು ಲುಂಗಿಯಲ್ಲಿ ಸುತ್ತಿಕೊಂಡು ತಂದಿದ್ದೆ. ‘ಸ್ಕೂಲ್ನಲ್ಲಿ ನಚ್ಚತ್ರ ನಚ್ಚತ್ರ ಅಂತ ಬಾಯಲ್ಲೇ ಹೇಳ್ತೀರಲ್ಲ, ಇನ್ಮೇಲೆ ತೋರಿಸ್ರಿ’ ಎಂದಿದ್ದೆ. ಮದುವೆಯಾಗಿ ಬಂದ ಮೇಲೆ ಈ ಮನೆಯಲ್ಲಿ ನನಗೆ ಬೇಕಾದದ್ದು ಏನೆಂದು ಕೇಳದೆಯೇ ತಿಳಿದುಕೊಂಡವನು ನೀನು. ಇದನ್ನು ನಿನ್ನ ಮುಂದೆ ಯಾವತ್ತೂ ಹೇಳಿರಲಿಲ್ಲ.

ಚೆನ್ನೈನ ಗೆಳತಿ ಕಳಿಸಿದ ಬೆಳ್ಳಿ ಹಾಳೆಯಿಂದ ನಾವಿಬ್ಬರೂ ಕೂತು ಸೂರ್ಯನ ಮುಸುಕು ಮಾಡಿದ ಭಾನುವಾರ ನೆನಪಿದೆಯೇ? ರಟ್ಟಿನ ಬಳೆ ಕತ್ತರಿಸಿ, ಹಾಳೆಯನ್ನು ಎರಡು ಬಳೆಗಳ ನಡುವೆ ಕೂರಿಸಿ, ಕೊಳವೆಯ ಮುಂದಿನ ಬಾಯಿಗೆ ಬಿಗಿಯಾಗಿ ಕೂರುವಂತೆ ಮಾಡಿದೆವು. ಸೂರ್ಯನ ಬೆಳಕು ಕೊಳವೆಯೊಳಗೆ ಹೋಗುವ ಮೊದಲೇ ತಡೆಯಬೇಕು, ಒಳಗೆ ಹೋಗಿ ಒಟ್ಟುಗೂಡಿದ ಮೇಲೆ ಅದನ್ನು ತಡೆಯುವ ಗಾಜು ಭೂಮಿಯ ಮೇಲಿಲ್ಲ ಎಂದು ಹೇಳಿದ್ದೆ. ಪ್ರತಿ ಸಲ ಹಾಳೆಯನ್ನು ಬಲ್ಬಿನ ಮುಂದೆ ಹಿಡಿದು ಸೂಜಿಮೊನೆಯಷ್ಟು ತೂತಾದರೂ ಇದೆಯೇ ಎಂದು ನಾನು ನೋಡುತ್ತಿದ್ದೆ. ಗುರಿ ಹಿಡಿಯಲೆಂದು ಪಕ್ಕದಲ್ಲಿರುವ ಸಣ್ಣ ಕೊಳವೆಯಲ್ಲಿ ಯಾರೂ ನೋಡದಂತೆ ಅದಕ್ಕೆ ಬಟ್ಟೆ ಕಟ್ಟುತ್ತಿದ್ದೆವು. ಸೂರ್ಯನನ್ನು ಹುಡುಕುವುದು ನಿನ್ನ ಕೆಲಸ. ಕಣ್ಣಿಟ್ಟು ಹುಡುಕದೆ, ಗೋಡೆಯ ಮೇಲೆ ಬೀಳುವ ಕೊಳವೆಯ ನೆರಳು ಕುಗ್ಗಿ ಕುಗ್ಗಿ ದುಂಡಗಾಗುವವರೆಗೆ ತಿರುಗಿಸುತ್ತಿದ್ದೆ. ಮೊದಲ ಸಲ ನೋಡಿದಾಗ ನೀನು ಇಡೀ ಬೀದಿಗೆ ಕೇಳುವಂತೆ ಕೂಗಿದೆ: ‘ಅಣ್ಣೀ, ಸೂರ್ಯನ್ಗೂ ಮಚ್ಚೆ ಅದೆ!’

ಕೆಳಗಿನಿಂದ ಅತ್ತೆ ಅಂದರು, ‘ಸಾಮಿ ಮೊಗಾನ ಹಂಗೆಲ್ಲ ಗುರಿಯಿಟ್ಟು ನೋಡ್ಬಾರ್ದು ಕಣ್ರವ್ವಾ.’

ಪೆಟ್ಟಿಗೆಯ ಮೂಲೆಯಲ್ಲಿದ್ದ ಆ ಸಣ್ಣ ಹಸಿರು ಗಾಜನ್ನು ನೀನೇ ನನಗೆ ತೋರಿಸಿದ್ದು. ಕಣ್ಣಿಡುವ ಕಡೆ ತಿರುಗಿಸಿ ಹಾಕುವಂಥದ್ದು, ಮೇಲೆ ಸೂರ್ಯನ ಚಿತ್ರ. ಇದು ಬೇಡ, ಬಿಸಿಲೆಲ್ಲ ಬಂದು ಸೇರುವ ಜಾಗದಲ್ಲಿ ಇದು ಕೂರುತ್ತದೆ, ಕಾಯ್ದು ಒಡೆಯುತ್ತದೆ, ಎಸೆದುಬಿಡು ಎಂದು ನಾನು ಹೇಳಿದೆ. ‘ಇರ್ಲಿ ಬುಡ್ರಿ ಅಣ್ಣಿ, ಕೂಡ ಬಂದ ಸಾಮಾನು’ ಎಂದು ನೀನು ಪೆಟ್ಟಿಗೆಗೇ ಹಾಕಿದೆ. ಇದನ್ನು ನಿನ್ನ ಮೇಲೆ ದೂರು ಹೊರಿಸಲು ಬರೆಯುತ್ತಿಲ್ಲ, ಪಾಂಡಿ. ನಡೆದದ್ದನ್ನು ನಡೆದ ಹಾಗೆಯೇ ಹೇಳಬೇಕು. ನೀನು ನೋಡಿದ್ದು ಅರ್ಧ, ನಾನು ನೋಡಿದ್ದು ಅರ್ಧ.

ಆ ಸೂರ್ಯಗ್ರಹಣದ ದಿನ ಆಡಿ ತಿಂಗಳ ಅಮಾವಾಸ್ಯೆ. ಅತ್ತೆ ಬೆಳಿಗ್ಗೆಯಿಂದ ಉಪವಾಸ. ನೀರಿನ ಕೊಡ, ಉಪ್ಪಿನಕಾಯಿ ಜಾಡಿ ಎಲ್ಲದರ ಮೇಲೂ ದರ್ಭೆ ಹಾಕಿದ್ದರು. ಮೊಮ್ಮಗಳು ಮಾಳಿಗೆಗೆ ಹೋಗಬಾರದೆಂದು ನನ್ನ ಜೊತೆ ಜಗಳವಾಡಿ, ಕಡೆಗೆ ಅವಳು ಹೋದಲ್ಲಿಗೆ ನಾನೂ ಬರುತ್ತೇನೆಂದು ಸೆರಗು ತಲೆಗೆ ಹೊದ್ದು ಮೇಲೆ ಬಂದು, ಸೂರ್ಯನಿಗೆ ಬೆನ್ನು ಹಾಕಿ ನಿಂತರು. ನನ್ನ ಶಾಲೆಯ ಹುಡುಗಿಯರೂ ನಾಲ್ಕೈದು ಮಂದಿ ಬಂದಿದ್ದರು. ಆಡಿ ಗಾಳಿ ಹೇಗಿತ್ತೆಂದರೆ, ದೂರದರ್ಶಕದ ಮೂರು ಕಾಲಿಗೂ ನೀನು ಇಟ್ಟಿಗೆ ಕಟ್ಟಿದ್ದೆ. ಬೋಡಿಮೆಟ್ಟಿನ ಕಡೆಯಿಂದ ಮೋಡ ಬೆಟ್ಟದ ನೆತ್ತಿ ದಾಟಿ ಸುರಿಯುತ್ತಿತ್ತು. ಸೂರ್ಯ ಬೆಟ್ಟದ ಹಿಂದೆ ಇಳಿಯಲು ಹೆಚ್ಚು ಹೊತ್ತಿರಲಿಲ್ಲ. ಅಷ್ಟರೊಳಗೆ ನೋಡಬೇಕು.

ಮೊದಲ ಕಚ್ಚು ಕಂಡಾಗ ನಾನು ಹುಡುಗಿಯರನ್ನು ಒಬ್ಬೊಬ್ಬರಾಗಿ ಕರೆದೆ. ಕಾರ್ತಿಕಾಳನ್ನು ಕೊನೆಗೆ ಇಟ್ಟವನು ನೀನು. ‘ನಮ್ಮ ಮನೆ ಕೂಸು, ಕಡೇಲಿ ನೋಡ್ಲಿ, ಬಂದೋರು ಮೊದ್ಲು ನೋಡ್ಲಿ’ ಎಂದೆ. ಅವಳ ಸರದಿ ಬಂದು, ಸ್ಟೂಲು ಹತ್ತಿ ನಿಂತಳು. ಆಗಲೇ ಪಕ್ಕದ ಮನೆಯ ತೆಂಗಿನ ಒಣಗರಿಯ ಚೂರೊಂದು ಗಾಳಿಯಲ್ಲಿ ಹಾರಿ ಬಂದು ಮುಸುಕಿಗೆ ಹೊಡೆಯಿತು. ಹಾಳೆ ಹರಿದದ್ದು ನನಗೆ ಕಂಡಿತು. ‘ಯಾರೂ ಕಣ್ಣಿಡ್ಬೇಡಿ’ ಎಂದು ಕೂಗಿ, ಕೊಳವೆಯನ್ನು ನೆಲಕ್ಕೆ ತಿರುಗಿಸಿ, ಹರಿದ ಮುಸುಕು ತೆಗೆದಿಟ್ಟೆ. ಕಾರ್ತಿಕಾ ಅಳಲು ಶುರು ಮಾಡಿದಳು. ಬಿಳಿ ರಟ್ಟು ತರುತ್ತೇನೆ, ಅದರ ಮೇಲೆ ಸೂರ್ಯನ ಬಿಂಬ ಬೀಳಿಸಿ ಎಲ್ಲರೂ ಒಟ್ಟಿಗೇ ನೋಡೋಣ, ಅಲ್ಲಿಯವರೆಗೆ ಯಾರೂ ಇದನ್ನು ಮುಟ್ಟಬೇಡಿ ಎಂದು ಹೇಳಿ, ರಟ್ಟು ಹುಡುಕಲು ಶಾಲೆಯ ಹುಡುಗಿಯರನ್ನೂ ಕರೆದುಕೊಂಡು ಕೆಳಗೆ ಓಡಿದೆ.

ರಟ್ಟು ಸಿಕ್ಕಿ ಮೆಟ್ಟಿಲು ಹತ್ತುತ್ತಿದ್ದಾಗ ಮೇಲೆ ‘ಟಕ್’ ಎಂದು ಏನೋ ಸಿಡಿದ ಸದ್ದು. ಅದರ ಹಿಂದೆಯೇ ಅತ್ತೆಯ ಕೂಗು. ನಾನು ಬಂದಾಗ ಕಾರ್ತಿಕಾ ಸ್ಟೂಲಿನಿಂದ ಉರುಳಿ ನೆಲದ ಮೇಲಿದ್ದಳು. ಅತ್ತೆ ದೂರದರ್ಶಕದ ಕಣ್ಣಿನ ಮೇಲೆ ಅಂಗೈ ಒತ್ತಿ ನಿಂತಿದ್ದರು. ಚರ್ಮ ಸುಡುವ ವಾಸನೆ ಬರುತ್ತಿತ್ತು.

‘ಅತ್ತೆ, ಕೈ ತೆಗೀರಿ!’

‘ತೆಗುದ್ರೆ ಕೂಸು ನೋಡ್ತದೆ. ಮೊದ್ಲು ಅದನ್ನ ತಿರುಗ್ಸು.’

ನಾನು ಕೊಳವೆ ತಿರುಗಿಸುವವರೆಗೆ ಅವರು ಕೈ ಕದಲಿಸಲಿಲ್ಲ. ಆಮೇಲೆ ಕೇಳಿದರೆ, ‘ಕೂಸಿನ ಕೆನ್ನೆ ಮ್ಯಾಲೆ ಒಂದು ಬೆಂಕಿಬೊಟ್ಟು ಓಡ್ತು, ಕಣ್ಣಿನ ಕಡೀಕೇ ಹೋಗ್ತಾ ಇತ್ತು’ ಎಂದರು. ಅಷ್ಟೇ ಅವರಿಗೆ ಗೊತ್ತಿದ್ದದ್ದು.

ನೀನು ಗೋಡೆಗೆ ಒರಗಿ ನಿಂತಿದ್ದೆ. ನಿನ್ನ ಬಲಗೈ ಬಲಗಣ್ಣಿನ ಮೇಲಿತ್ತು. ನಾನು ನೋಡಿದೊಡನೆ ಕೈ ಇಳಿಸಿದೆ. ಕಾರ್ತಿಕಾಳನ್ನು ಎತ್ತಿಕೊಳ್ಳುತ್ತಲೇ ಕೇಳಿದೆ, ‘ಪಾಂಡಿ, ನೀನು ನೋಡ್ದ್ಯಾ?’

‘ಇಲ್ಲ ಅಣ್ಣಿ. ನಾನು ನೋಡ್ಲೇ ಇಲ್ಲ.’

ನಾನು ನಂಬಿದೆ. ಒಂದು ಕಡೆ ಮಗು, ಇನ್ನೊಂದು ಕಡೆ ಅತ್ತೆಯ ಕೈ. ನಿನ್ನ ಮುಖ ಇನ್ನೊಮ್ಮೆ ನೋಡುವಷ್ಟು ಹೊತ್ತು ನನಗಿರಲಿಲ್ಲ. ಕೆಳಗಿಳಿದು ಅತ್ತೆಯ ಕೈಗೆ ನೀರು ಸುರಿದು, ನಾಳೆಯೇ ಮದುರೈಗೆ ಹೋಗೋಣ ಎಂದು ಹೇಳಲು ನಿನ್ನನ್ನು ಹುಡುಕಿದರೆ ನೀನು ಇರಲಿಲ್ಲ. ಅಂದಿನಿಂದ ಬೆಟ್ಟದ ಬುಡದ ಮುಂತಲ್ ಊರಿನ ಜೀಪಿನ ಶೆಡ್ಡಿನಲ್ಲೇ ಮಲಗುತ್ತಿದ್ದೀಯಂತೆ. ನಿನ್ನ ಅಣ್ಣ ಎರಡು ಸಲ ಬಂದರೂ ಹಿಂದಿನ ಬಾಗಿಲಿನಿಂದ ಹೋಗಿಬಿಟ್ಟೆಯಂತೆ. ಬೀದಿಯಲ್ಲಿ ಮಗುವಿನ ಕಣ್ಣು ಹೋಯಿತು, ಅಮಾವಾಸ್ಯೆಯ ದಿನ ಸಾಮಿಯನ್ನು ಕೆಣಕಿದರು ಎಂದೆಲ್ಲ ಸುದ್ದಿ ಹಬ್ಬಿತ್ತು. ಅದನ್ನು ಕೇಳಿಯೇ ನೀನು ಹೆದರಿ ಬರುತ್ತಿಲ್ಲ ಎಂದು ನಾವೆಲ್ಲ ಅಂದುಕೊಂಡೆವು.

ಮದುರೈಯ ಡಾಕ್ಟರಮ್ಮ ಕಾರ್ತಿಕಾಳನ್ನು ನೋಡಿ ಮುಗಿಸಿ, ಬೇರೆ ಯಾರಾದರೂ ಅದರಲ್ಲಿ ನೋಡಿದರೇ ಎಂದು ಕೇಳಿದರು. ಇಲ್ಲ ಎಂದೆ. ‘ಚೆನ್ನಾಗಿ ವಿಚಾರಿಸಿ. ಕಣ್ಣಿನ ಹಿಂದಿನ ಪರದೆ ಸುಟ್ಟರೆ ನೋವಾಗುವುದಿಲ್ಲ. ಅದೇ ಕಷ್ಟ. ನೋಡಬೇಕೆಂದ ವಸ್ತುವಿನ ನಡುವೆಯೇ ಒಂದು ಮಬ್ಬು ಚುಕ್ಕೆ ನಿಲ್ಲುತ್ತದೆ. ಎರಡು ಕಣ್ಣೂ ತೆರೆದಿದ್ದರೆ ಒಳ್ಳೆಯ ಕಣ್ಣು ಅದನ್ನು ಮುಚ್ಚಿಹಾಕುತ್ತದೆ, ಅವರಿಗೇ ಸರಿಯಾಗಿ ತಿಳಿಯುವುದಿಲ್ಲ’ ಎಂದರು. ಶಾಲೆಯಲ್ಲಿ ಮಕ್ಕಳಿಗೆ ಹೇಳಬೇಕೆಂದು ನಾನು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದೆ.

ನಿನ್ನೆ ಸಂಜೆ ಕಾಳಿಯಮ್ಮಾಳ್ ಮನೆಗೆ ಬಂದಳು. ದಿನವೂ ನಿನ್ನ ಜೀಪಿನಲ್ಲೇ ಏಲಕ್ಕಿ ತೋಟಕ್ಕೆ ಹೋಗಿಬರುವವಳು, ನಿನಗೆ ಅಕ್ಕನಂತಿರುವವಳು. ಹಿತ್ತಲಿಗೆ ಕರೆದು ಮೆಲ್ಲಗೆ ಕೇಳಿದಳು.

‘ಟೀಚರೇ, ತಪ್ಪು ತಿಳೀಬೇಡಿ. ನಿಮ್ಮ ಮೈದ್ನ ಕುಡಿಯೋಕೆ ಕಲ್ತವ್ನಾ?’

‘ಪಾಂಡಿಯಾ? ಇಲ್ವಲ್ಲ. ಯಾಕೆ?’

‘ವಾಸ್ನೆ ಏನೂ ಬರ್ಲಿಲ್ಲ, ನಾನೂ ಮೂಸಿ ನೋಡ್ದೆ. ಆದ್ರೆ ಇವತ್ತು ಇಳೀವಾಗ ವಳೈವುನಲ್ಲಿ, ಬೆಟ್ಟದ ತಿರುವಲ್ಲಿ, ಎದುರ್ಗೆ ಬಂದ ಬೈಕು ಅವ್ನಿಗೆ ಕಾಣ್ಲೇ ಇಲ್ಲ. ನಾವು ಹೆಂಗಸ್ರೆಲ್ಲ ಕಿರುಚ್ಕೊಂಡ್ವಿ. ಗಕ್ಕನೆ ಸ್ಟೀರಿಂಗ್ ಒಡುಚ್ದ ನೋಡ್ರಿ, ಮುಂದಿನ ಚಕ್ರ ದಾರಿ ಓರದ ಕಲ್ಲಿಗೆ ಹೋಗಿ ಬಡೀತು. ಆ ಕಲ್ಲಿಲ್ಲ ಅಂದ್ರೆ ನಾನು ಇಲ್ಲಿ ನಿಂತು ಮಾತಾಡ್ತಾ ಇರ್ಲಿಲ್ಲ. ಕೇಳಿದ್ರೆ ಮಂಜು ಅಂದ. ಮಂಜೆಲ್ಲಿತ್ತು ಟೀಚರೇ? ಒಳ್ಳೆ ಬಿಸ್ಲು.’

ಆಮೇಲೆ ಅವಳೇ ನೆನಪಿಸಿಕೊಂಡು ಹೇಳಿದಳು. ನೀನು ಒಂದು ಕಣ್ಣು ಮುಚ್ಚಿ, ತೆರೆದು, ಮತ್ತೆ ಮುಚ್ಚಿ ದಾರಿ ನೋಡುತ್ತೀಯಂತೆ. ಕೆಲವು ದಿನಗಳಿಂದ ಹೀಗೇ ಮಾಡುತ್ತಿದ್ದೀಯಂತೆ.

ಡಾಕ್ಟರಮ್ಮನ ಮಾತು ನೆನಪಾಯಿತು. ಒಳಗೆ ಹೋಗಿ ಕಾರ್ತಿಕಾಳನ್ನು ಮಡಿಲಲ್ಲಿ ಕೂರಿಸಿಕೊಂಡು, ಆ ದಿನ ಮಾಳಿಗೆಯಲ್ಲಿ ಏನಾಯಿತು, ಬೈಯುವುದಿಲ್ಲ, ಹೇಳು ಎಂದೆ. ಇಷ್ಟು ದಿನ ಅವಳನ್ನು ಯಾರೂ ಸರಿಯಾಗಿ ಕೇಳಿರಲಿಲ್ಲ. ಎಲ್ಲರೂ ಅವಳ ಕಣ್ಣನ್ನು ನೋಡಿದರೇ ಹೊರತು ಅವಳ ಮಾತು ಕೇಳಲಿಲ್ಲ.

‘ಅಪ್ಪ ಪಚ್ಚೆ ಗಾಜು ಹಾಕ್ದ. ನಾನು ಹತ್ತಕ್ಕೆ ಹೋದೆ. ಇರು ಕಂದಾ, ಅಪ್ಪ ಮೊದ್ಲು ನೋಡ್ತೀನಿ, ಸರಿ ಇದ್ರೆ ಆಮೇಲೆ ನೀನು ಅಂದ. ನೋಡ್ತಾ ಇದ್ದ. ಗಾಜು ಟಕ್ ಅಂತು. ಅಪ್ಪ ಹಿಂದಕ್ಕೆ ಹೋದ. ನಾನು ಹತ್ತಿಬುಟ್ಟೆ. ಅಪ್ಪತ್ತಜ್ಜಿ ತಳ್ಳಿಬುಟ್ಳು.’

ಪಾಂಡಿ, ನಿನ್ನ ಮಗಳ ಕಣ್ಣನ್ನು ಉಳಿಸಿದ್ದು ಅತ್ತೆಯ ಕೈ ಎಂದು ಊರೆಲ್ಲ ಹೇಳುತ್ತದೆ. ಅದು ನಿಜ. ಆದರೆ ಆ ಗಾಜು ಸಿಡಿದಾಗ ಅದರ ಹಿಂದೆ ಇದ್ದದ್ದು ನಿನ್ನ ಕಣ್ಣು. ಅಳುತ್ತಿದ್ದ ಮಗುವನ್ನು ಸುಮ್ಮನಾಗಿಸಲು ನೀನು ಅದನ್ನು ಹಾಕಿದೆ. ಆದರೂ ಅವಳನ್ನು ಮೊದಲು ಬಿಡಲಿಲ್ಲ. ನನ್ನ ಸಿಟ್ಟೆಲ್ಲ ಕಾರ್ತಿಕಾಳ ಆ ಮಾತಿನಲ್ಲಿ ಇಳಿದುಹೋಯಿತು. ಉಳಿದಿರುವುದು ಭಯ ಮಾತ್ರ.

ಈಗ ನಾನು ಹೇಳಿದಂತೆ ಮಾಡು. ಕಾಗದವನ್ನು ಮೊಳದೂರ ಹಿಡಿ. ಎಡಗಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚು. ಬಲಗಣ್ಣಿನಿಂದ ಈ ಹೆಸರನ್ನು ನೋಡು.

ಕಾರ್ತಿಕಾ

ನಡುವಿನ ಅಕ್ಷರವನ್ನೇ ದಿಟ್ಟಿಸು. ಅದು ನಿಲ್ಲುತ್ತದೆಯೇ, ಕರಗುತ್ತದೆಯೇ? ನೀನು ನೋಡಿದ ಕಡೆಗೇ ಮಬ್ಬು ಓಡಿ ಬರುತ್ತದೆಯೇ? ಹಾಗಿದ್ದರೆ ಇದು ದಣಿವಲ್ಲ, ಧೂಳಲ್ಲ, ಮಂಜಲ್ಲ. ನೀನು ಯಾರಿಗೂ ಹೇಳದೆ ಇಷ್ಟು ದಿನ ಒಬ್ಬನೇ ಇದನ್ನು ಪರೀಕ್ಷೆ ಮಾಡಿಕೊಂಡಿರುತ್ತೀಯ ಎಂದು ನನಗೆ ಗೊತ್ತು. ಇನ್ನು ಒಬ್ಬನೇ ಮಾಡಬೇಡ.

ಬೆಳಿಗ್ಗೆಯೇ ಎಸ್‌ಟಿಡಿ ಬೂತಿಗೆ ಹೋಗಿ ಡಾಕ್ಟರಮ್ಮನಿಗೆ ಫೋನು ಮಾಡಿದೆ. ನಿನಗೆ ಸುಳ್ಳು ಹೇಳುವುದಿಲ್ಲ. ಸುಟ್ಟ ಜಾಗಕ್ಕೆ ಹಚ್ಚುವ ಔಷಧಿಯಿಲ್ಲ, ಚಿಕಿತ್ಸೆ ಮಾಡಿ ಸರಿಪಡಿಸುವಂಥದ್ದಲ್ಲ ಎಂದರು. ಕೆಲವರಿಗೆ ತಿಂಗಳುಗಳಲ್ಲಿ ತಾನಾಗಿಯೇ ಸ್ವಲ್ಪ ಸ್ವಲ್ಪವಾಗಿ ತಿಳಿಯಾಗುತ್ತದಂತೆ. ಕೆಲವರಿಗೆ ಚುಕ್ಕೆ ಹಾಗೆಯೇ ಉಳಿಯುತ್ತದಂತೆ. ನೋಡದೆ ಏನೂ ಹೇಳಲಾರೆ, ನಾಳೆ ಕರೆದುಕೊಂಡು ಬನ್ನಿ ಎಂದರು. ಅವನು ಏನು ಕೆಲಸ ಮಾಡುತ್ತಾನೆ ಎಂದು ಕೇಳಿದರು. ಘಾಟಿಯಲ್ಲಿ ಜೀಪು ಓಡಿಸುತ್ತಾನೆ ಎಂದೆ. ‘ಇವತ್ತೇ ನಿಲ್ಲಿಸಿ’ ಎಂದರು.

ನೀನು ಯಾಕೆ ಹೇಳಲಿಲ್ಲ ಎಂದು ನಾನು ಯೋಚಿಸಿದೆ. ಸ್ಟೀರಿಂಗ್ ಬಿಟ್ಟರೆ ನೀನು ಯಾರು ಎಂದು ನಿನಗೇ ತಿಳಿಯದು. ಈ ಬೆಟ್ಟದ ಒಂದೊಂದು ವಳೈವೂ ನಿನ್ನ ಮೈಗೆ ಗೊತ್ತು, ಕಣ್ಣು ಮುಚ್ಚಿಯೂ ಓಡಿಸಬಲ್ಲೆ ಎಂದು ನೀನೇ ಜಂಬ ಕೊಚ್ಚುತ್ತಿದ್ದೆ. ದಾರಿ ನಿನಗೆ ಗೊತ್ತಿರಬಹುದು. ಎದುರು ಬರುವವನು ಗೊತ್ತಿಲ್ಲವಲ್ಲ. ಇನ್ನೊಂದು, ಪೆರಿಯಕುಳಂನ ತವರಿಗೆ ಹೆರಿಗೆಗೆ ಹೋಗಿರುವ ನಿನ್ನ ಹೆಂಡತಿಗೆ ಸುದ್ದಿ ತಿಳಿದು ಅವಳು ಹೆದರಬಾರದು ಎಂದಿರಬಹುದು. ಅವಳಿಗೆ ಯಾರೂ ಹೇಳಿಲ್ಲ. ಹೇಳುವ ಕಾಲಕ್ಕೆ ನೀನೇ ಹೇಳು. ಆದರೆ ಹೇಳಲು ನೀನು ಇರಬೇಕು. ನಿನ್ನ ಹಿಂದೆ ಕೂರುವ ಹೆಂಗಸರಿಗೂ ಸಂಜೆ ದಾರಿ ಕಾಯುವ ಮಕ್ಕಳಿದ್ದಾರೆ. ಕಾಳಿಯಮ್ಮಾಳ್ ನಿನ್ನ ಬಗ್ಗೆ ಜೀಪಿನ ಓನರ್ ಹತ್ತಿರ ದೂರು ಕೊಡದೆ ನೇರವಾಗಿ ನನ್ನ ಹತ್ತಿರ ಬಂದಳು. ಅವಳ ಆ ಮರ್ಯಾದೆಯನ್ನು ನಾವು ಉಳಿಸಿಕೊಳ್ಳಬೇಕು.

ಇಲ್ಲಿಯವರೆಗೆ ಬರೆದದ್ದು ಬೆಳಿಗ್ಗೆ, ಅಡುಗೆಮನೆಯಲ್ಲಿ. ಬಸ್ಸಿನ ಡ್ರೈವರ್ ಕೈಯಲ್ಲಿ ಮೇಲಕ್ಕೆ ಕಳಿಸೋಣ ಎಂದುಕೊಂಡಿದ್ದೆ. ಮಡಚುವಾಗ ಮನಸ್ಸು ಒಪ್ಪಲಿಲ್ಲ. ನೀನು ಓದದೆ ಹೋದರೆ? ಓದಿಯೂ, ಇವತ್ತೊಂದು ಟ್ರಿಪ್ಪು ತಾನೇ ಎಂದರೆ? ನಿನ್ನ ಅಣ್ಣ ಲೋಡಿನ ಜೊತೆ ದಿಂಡಿಗಲ್ಲಿಗೆ ಹೋಗಿದ್ದಾರೆ, ಕಾಯುವಂತಿರಲಿಲ್ಲ. ಶಾಲೆಗೆ ರಜೆ ಹೇಳಿ, ಕಾರ್ತಿಕಾಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಬಸ್ಸು ಹತ್ತಿದೆ. ಅತ್ತೆ ನಾನೂ ಬರುತ್ತೇನೆ ಎಂದರು. ಬೇಡವೆಂದರೂ ಕೇಳಲಿಲ್ಲ. ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡರು, ಒಂದು ಸಲವೂ ಮನೆಗೆ ಹೋಗೋಣ ಎನ್ನಲಿಲ್ಲ. ಪ್ರತಿ ವಳೈವಿನಲ್ಲೂ ನಾನು ಕಿಟಕಿಯಿಂದ ಕೆಳಗೆ ನೋಡುತ್ತಿದ್ದೆ. ಪ್ರಪಾತದಲ್ಲಿ ಎಲ್ಲಾದರೂ ನಿನ್ನ ಜೀಪಿನ ಬಣ್ಣ ಕಂಡೀತೆಂದು ಹೆದರಿ ಹುಡುಕುತ್ತಿದ್ದೆ.

ಈಗ ಬೋಡಿಮೆಟ್ಟಿನಲ್ಲಿ ಮಾಯಾಂಡಿಯ ಟೀ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಹೆಂಗಸರು ಇನ್ನೂ ತೋಟದಲ್ಲಿದ್ದಾರೆ. ನೀನು ಅಂಗಡಿಯ ಹಿಂದಿನ ಬೆಂಚಿನ ಮೇಲೆ ಮಲಗಿದ್ದೀಯ. ಬಲಗಣ್ಣಿನ ಮೇಲೆ ಒದ್ದೆ ಟವಲ್ಲಿದೆ. ಅತ್ತೆ ನಿನ್ನ ತಲೆದೆಸೆಯಲ್ಲಿ ಸುಮಾರು ಹೊತ್ತು ನಿಂತಿದ್ದರು. ‘ಎಬ್ಬಿಸ್ಬೇಡ, ಎದ್ರೆ ಓಡೋಗ್ತಾನೆ, ಚಿಕ್ಕೋನಿದ್ದಾಗ್ಲೂ ಹಂಗೇ’ ಎಂದು ನನ್ನನ್ನು ಹೊರಗೆ ಕರೆದುಕೊಂಡು ಬಂದರು. ಅವರ ಕಣ್ಣಲ್ಲಿ ನೀರಿತ್ತು.

ಮಾಯಾಂಡಿ ಈ ಕಾಗದವನ್ನು ಟೀ ಜೊತೆ ನಿನಗೆ ಕೊಡುತ್ತಾನೆ. ಬ್ರೇಕು ಸರಿಯಿಲ್ಲ, ಇವತ್ತು ಜೀಪು ಇಳಿಯುವುದಿಲ್ಲ, ಎಲ್ಲರೂ ಬಸ್ಸಿನಲ್ಲಿ ಹೋಗಿ ಎಂದು ತೋಟದಲ್ಲಿರುವ ಕಾಳಿಯಮ್ಮಾಳಿಗೆ ಹೇಳಿ ಕಳಿಸಿದ್ದೇನೆ. ಓನರಿಗೂ ಫೋನು ಮಾಡಿ ಇದನ್ನೇ ಹೇಳಿದೆ. ನಿನ್ನ ಕಣ್ಣಿನ ಮಾತು ಯಾರ ಹತ್ತಿರವೂ ಆಡಿಲ್ಲ. ನಿನ್ನನ್ನು ಕೇಳದೆ ಇಷ್ಟು ಮಾಡಿದೆ. ಅದಕ್ಕೆ ಕ್ಷಮೆ ಕೇಳುವುದಿಲ್ಲ. ಸಿಟ್ಟು ಬಂದರೆ ಬೈ, ದಾರಿಯುದ್ದಕ್ಕೂ ಬೈಯುತ್ತಾ ಬಾ, ಕೇಳಿಸಿಕೊಳ್ಳುತ್ತೇನೆ. ಸಂಜೆಯ ಬಸ್ಸಿಗೆ ಮೂರು ಸೀಟು ಹಿಡಿದಿಡಲು ಹೇಳಿದ್ದೇನೆ. ನಾಳೆ ಬೆಳಿಗ್ಗೆ ಮದುರೈ.

ಟೀ ಕುಡಿದು ಮುಗಿಸು. ಆಮೇಲೆ ಜೀಪಿನ ಕಡೆ ನೋಡು. ನಿನ್ನ ಸೀಟಿನಲ್ಲಿ ಕೂತಿರುವುದು ನಾನು, ಪಕ್ಕದಲ್ಲಿ ನಿನ್ನ ಅವ್ವ. ಕೀ ನನ್ನ ಕೈಯಲ್ಲಿದೆ. ಓಡಬೇಡ ಪಾಂಡಿ, ನಡೆದು ಬಾ.

ಹುಟ್ಟುವ ಮಗುವಿನ ಮುಖ ನಿನಗೆ ಚೆನ್ನಾಗಿ ಕಾಣಲಿ. ನಮ್ಮ ಕುಲದೈವ ನಿನ್ನನ್ನು ಕಾಯಲಿ.

ನಿನ್ನನ್ನು ಕರೆದುಕೊಂಡೇ ಬೆಟ್ಟ ಇಳಿಯುವ,
ಅಣ್ಣಿ ಗೋಮತಿ